ಬೆಳಕಿಗಿಟ್ಟ ಮಾತು

ಹೊಲಿಗೆ ಮನೆಗೆ ಬಂದ ಮೊದಲ ದಿನ ಅವಳು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆಯಲ್ಲಿದ್ದಳು. ಅಷ್ಟೇ ಸಾಕಾಯಿತು. ಕಾಲರ್ ಕೂರಿಸುವ ಹೆಂಗಸು ಪಕ್ಕದವಳ ಕಿವಿಯಲ್ಲಿ ‘ಬಿಳಿಯಕ್ಕ’ ಎಂದಳು, ಊಟದ ಹೊತ್ತಿಗೆ ಕಟಿಂಗ್ ಮಾಸ್ಟರ್ ಕೂಡ ಹಾಗೇ ಕರೆದರು. ಆಮೇಲೆ ತಂಗಿಯ ಹಸಿರು, ಕಂದು ಬಟ್ಟೆಗಳನ್ನು ಹಾಕಿಕೊಂಡು ಬಂದರೂ ಹೆಸರು ಮಾತ್ರ ಬಣ್ಣ ಬದಲಿಸಲಿಲ್ಲ.

ಅದು ಶಾಲೆಮಕ್ಕಳ ಸಮವಸ್ತ್ರ ಹೊಲಿಯುವ ಜಾಗ. ಮೊದಲು ಯಾವುದೋ ಗೋದಾಮಾಗಿತ್ತು. ಕಿಟಕಿಗಳು ಆಳೆತ್ತರಕ್ಕಿಂತ ಮೇಲೆ, ಗೋಡೆಯುದ್ದಕ್ಕೂ ಮಿಷನ್ನುಗಳು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಉಸ್ಸೆನ್ನುವ ಇಸ್ತ್ರಿ ಪೆಟ್ಟಿಗೆ. ಬಿಳಿಯಕ್ಕನ ಕೆಲಸ ಗುಂಡಿ ಹೊಲಿಯುವುದು. ಅವಳ ಪಕ್ಕದಲ್ಲೇ ಗುಂಡಿಯ ತೂತಿಗೆ ಕಾಜಾ ಹಾಕುವ ಮಿಷನ್ನು. ಅದರ ಮುಂದೆ ಕೂರುವವಳನ್ನು ಎಲ್ಲರೂ ಕಾಜಾ ಎಂದೇ ಕರೆಯುತ್ತಿದ್ದರು. ಅಂಗಿ ಕಾಜಾಳ ಮಡಿಲಿನಿಂದ ಬಿಳಿಯಕ್ಕನ ಮಡಿಲಿಗೆ ಬರಬೇಕು. ಹೀಗಾಗಿ ಇಬ್ಬರ ಮೊಣಕೈಗಳೂ ದಿನವೆಲ್ಲ ಒಂದಕ್ಕೊಂದು ತಾಗುತ್ತಿದ್ದವು.

ಕಾಜಾಳ ಬಾಯಿ ಅವಳ ಮಿಷನ್ನಿಗಿಂತ ಜೋರು. “ತೂತು ಮಾಡೋದು ನನ್ನ ಪಾಲು, ಮುಚ್ಚೋದು ನಿನ್ನ ಪಾಲು ಅಕ್ಕಾ. ಮನೇಲೂ ಹಿಂಗೇ ಯಾರಾದ್ರೂ ಪಕ್ಕದಲ್ಲಿ ಕೂತಿದ್ದಿದ್ರೆ ನನ್ನ ಸಂಸಾರ ಎಲ್ಲೋ ಇರ್ತಿತ್ತು!” ಎಂದು ನಗುವಳು. ಬಿಳಿಯಕ್ಕನಿಗೂ ನಗು ಬರುತ್ತಿತ್ತು, ಆದರೆ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಕಾಜಾ ಆ ಕೈಯನ್ನು ಎಳೆದು ಕೆಳಗಿಡುವಳು. “ಹಲ್ಲು ಕಂಡ್ರೆ ಯಾರೂ ಕಿತ್ಕೊಂಡು ಹೋಗಲ್ಲ, ನಗು.”

ಐವತ್ತು ದಾಟಿದವಳಿಗೆ ನಗುವುದನ್ನು ಕಲಿಸಿದ್ದು ಅವಳೇ. ವಾಹನ ನುಗ್ಗುವ ರಸ್ತೆ ದಾಟುವುದು, ಅಂಗಡಿಯವನು ಕೊಳೆತ ಹಣ್ಣು ಕೊಟ್ಟರೆ ‘ಬೇಡ, ಬದಲಿಸು’ ಎನ್ನುವುದು, ಸುಮ್ಮನೆ ಒಂದು ಬೆಂಚಿನ ಮೇಲೆ ಕೂತು ಹೋಗಿಬರುವವರನ್ನು ನೋಡುವುದು, ಎಲ್ಲವನ್ನೂ ಕಲಿಸಿದಳು. ಬಿಳಿಯಕ್ಕ ಎಲ್ಲಿಂದ ಬಂದವಳೆಂದು ಒಮ್ಮೆ ಕೇಳಿದ್ದಳು. “ಕೂಟದಿಂದ” ಎಂದಿದ್ದಳು ಬಿಳಿಯಕ್ಕ. “ಬಿಟ್ಟು ಬಂದ್ಯಾ, ಬಿಡಿಸಿದ್ರಾ?” ಎಂದರೆ ಬಿಳಿಯಕ್ಕ ಬಗ್ಗಿ ಸೂಜಿಗೆ ದಾರ ಪೋಣಿಸತೊಡಗಿದಳು. ಕಾಜಾ ಮತ್ತೆ ಕೆದಕಲಿಲ್ಲ. ಬಾಯಿ ಜೋರಿದ್ದವರ ಮನಸ್ಸು ಎಷ್ಟೋ ಸಲ ಹಾಗೆಯೇ, ಬಾಗಿಲು ತಟ್ಟಿ ನಿಲ್ಲುವುದನ್ನು ಬಲ್ಲದು.

ಬಿಳಿಯಕ್ಕ ಹುಟ್ಟಿದ್ದೇ ಕೂಟದಲ್ಲಿ. ಎತ್ತರದ ಗೋಡೆಯೊಳಗೆ ಹಲವು ಸಂಸಾರ, ಒಂದೇ ಅಡುಗೆಮನೆ, ಒಂದೇ ಬಣ್ಣದ ಬಟ್ಟೆ. ದೇವರಿಗೂ ಮನುಷ್ಯರಿಗೂ ನಡುವೆ ಹಿರಿಯರು. ಅಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲ. ಗಂಡ ಹೆಂಡತಿಗೆ, ತಾಯಿ ಮಗುವಿಗೆ, ಎಲ್ಲರೂ ಎಲ್ಲರಿಗೂ ‘ತಾವು’ ಎನ್ನಬೇಕು. ದಿನದ ಕೆಲಸ ಮುಗಿದ ಮೇಲೆ ಎಲ್ಲರೂ ದೊಡ್ಡ ಕೋಣೆಯಲ್ಲಿ ಕೈಕಟ್ಟಿ ನಿಲ್ಲಬೇಕು. ಹಿರಿಯರು ಮೆಲ್ಲನೆ ಕೇಳುವರು: “ಯಾರಿಗಾದರೂ ಏನಾದರೂ ಹೇಳುವುದಿದೆಯೇ?” ಆಗ ಒಬ್ಬರ ತಪ್ಪನ್ನು ಇನ್ನೊಬ್ಬರು ಎಲ್ಲರೆದುರು ಹೇಳುವರು. ಇದಕ್ಕೆ ‘ಬೆಳಕಿಗೆ ಇಡುವುದು’ ಎಂದು ಹೆಸರು. ಕಂಡಕಂಡವರನ್ನು ಇಡುವ ಹಾಗಿಲ್ಲ, ಪ್ರೀತಿಯಿದ್ದವರನ್ನು ಮಾತ್ರ ಇಡಬೇಕು. ತಪ್ಪು ಕತ್ತಲೆಯಲ್ಲಿದ್ದರೆ ಕೊಳೆಯುತ್ತದೆ, ನಮ್ಮವರು ಕೊಳೆಯಲು ಬಿಡಬಹುದೇ? ಹೇಳಿಸಿಕೊಂಡವರು ಬಾಗಿ ‘ಉಪಕಾರವಾಯಿತು’ ಎನ್ನುವರು. ಹಿರಿಯರು ಒಂದು ಶಿಕ್ಷೆ ಕೊಡುವರು. ಊಟಕ್ಕೆ ಕೂರುವ ಹೊತ್ತಿಗೆ ಲೆಕ್ಕ ಚುಕ್ತಾ.

ಅಲ್ಲಿಂದ ಅವಳು ಹೊರಬಿದ್ದದ್ದು ಕೂಟ ತಪ್ಪೆಂದಲ್ಲ. ಅವಳ ಕೋಣೆಯಲ್ಲಿ ಮಲಗುತ್ತಿದ್ದ ಮುದುಕಿಯೊಬ್ಬಳು ಸಾಯುವ ಮುಂಚೆ ನೋವು ತಡೆಯಲಾರದೆ ದೇವರನ್ನು ಬೈದಿದ್ದಳು. ಅದನ್ನು ಬೆಳಕಿಗೆ ಇಡಬೇಕಾದವಳು ಇವಳೇ. ಸಂಜೆ ನಿಂತಳು, ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಮರುದಿನವೂ ಹೊರಡಲಿಲ್ಲ. ತನ್ನಲ್ಲಿ ಪ್ರೀತಿ ಬತ್ತಿದೆ, ತಾನು ಇಲ್ಲಿಗೆ ತಕ್ಕವಳಲ್ಲ ಎಂದುಕೊಂಡು, ಮುದುಕಿಯನ್ನು ಮಣ್ಣು ಮಾಡಿದ ಮೇಲೆ ತರಕಾರಿ ಗಾಡಿಯ ಹಿಂದೆ ನಡೆದು ಹೊರಗೆ ಬಂದಳು. ಬಹಳ ಹಿಂದೆಯೇ ಕೂಟ ಬಿಟ್ಟು ಓಡಿದ್ದ ತಂಗಿ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಬಾಗಿಲು ತೆರೆದು ಅಕ್ಕನ ಮುಖ ನೋಡಿದವಳು ‘ಬಾ’ ಎಂದಳೇ ಹೊರತು ಯಾಕೆ, ಏನು ಎಂದು ಕೇಳಲಿಲ್ಲ.

ಇರಲಿ, ಈಗ ಹೊಲಿಗೆ ಮನೆಯ ವಿಷಯಕ್ಕೆ ಬರೋಣ. ಒಂದು ದೊಡ್ಡ ಶಾಲೆಯ ಕೆಲಸ ಸಿಕ್ಕಿತ್ತು. ನೀಲಿ ಬಟ್ಟೆಯನ್ನು ಶಾಲೆಯವರೇ ತಂದುಕೊಟ್ಟಿದ್ದರು. ಕತ್ತರಿಸಿ ಉಳಿದ ತುಂಡುಗಳೂ ಅವರಿಗೇ ವಾಪಸು ಹೋಗಬೇಕೆಂದು ಮಾತಾಗಿತ್ತು. ಒಂದು ಮಧ್ಯಾಹ್ನ ಕಾಜಾ ಊಟದ ಚೀಲದ ತಳದಿಂದ ಮಡಿಸಿದ ನೀಲಿ ತುಂಡೊಂದನ್ನು ಅರ್ಧ ಹೊರಗೆಳೆದು ತೋರಿಸಿದಳು. “ನೋಡಕ್ಕಾ, ಮಗಳಿಗೆ ಒಂದು ಫ್ರಾಕು ಸಲೀಸಾಗಿ ಆಗುತ್ತೆ. ಅವರು ಇದನ್ನ ತಗೊಂಡು ಹೋಗಿ ನೆಲ ಒರೆಸ್ತಾರೆ, ಅಷ್ಟೇ ತಾನೇ? ನಿಂಗೆ ಮಾತ್ರ ತೋರಿಸಿದ್ದು.”

‘ನಿಂಗೆ ಮಾತ್ರ’ ಎಂದದ್ದು ಬಿಳಿಯಕ್ಕನ ಎದೆಗೆ ಬೆಚ್ಚಗೆ ತಾಗಿತು. ಜೀವಮಾನದಲ್ಲಿ ಯಾರೂ ಅವಳಿಗೆ ಮಾತ್ರ ಏನನ್ನೂ ತೋರಿಸಿರಲಿಲ್ಲ. ಸಂಜೆಯವರೆಗೂ ಅದನ್ನೇ ಮೆಲುಕು ಹಾಕಿದಳು. ಇವಳು ನನ್ನವಳು ಎಂದುಕೊಂಡಳು. ನನ್ನವಳು ಎಂದುಕೊಂಡದ್ದೇ ತಡ, ಒಳಗೆ ಇನ್ನೊಂದು ಕಳವಳ ಎದ್ದಿತು. ನನ್ನವಳ ಚೀಲದ ತಳದಲ್ಲಿ ಕತ್ತಲಿದೆ.

ಅದೇ ಸಂಜೆ ಶಾಲೆಯ ಕಡೆಯ ದೊಡ್ಡ ಮನುಷ್ಯರು ಕೆಲಸ ನೋಡಲು ಬಂದರು. ಯಜಮಾನರು ಮಿಷನ್ನುಗಳನ್ನು ನಿಲ್ಲಿಸಿ ಎಲ್ಲರನ್ನೂ ಮೇಜಿನ ಸುತ್ತ ಕರೆದರು. ಅವರು ಕೆಟ್ಟವರಲ್ಲ, ದೊಡ್ಡವರು ಬಂದಾಗ ಸ್ವಲ್ಪ ಗತ್ತು ತೋರಿಸುವ ಆಸೆ ಅಷ್ಟೆ. ಹೆಂಗಸರು ಕೈಕಟ್ಟಿ ನಿಂತರು. ಒಮ್ಮೆಗೇ ಸದ್ದಡಗಿತು. ಯಜಮಾನರು ಕೆಲಸದ ಬಗ್ಗೆ ನಾಲ್ಕು ಮಾತಾಡಿ, ಗಂಟಲು ಸರಿಮಾಡಿಕೊಂಡು ಕೇಳಿದರು:

“ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?”

ಪಾಪ, ಅವರು ಕೇಳಿದ್ದು ದಾರ ಸಾಲುತ್ತದೆಯೇ, ದೀಪ ಸಾಲುತ್ತದೆಯೇ ಎಂದು. ಬಿಳಿಯಕ್ಕನ ಕಾಲು ಮಾತ್ರ ಒಂದು ಹೆಜ್ಜೆ ಮುಂದೆ ಬಂದಿತ್ತು. ಮುದುಕಿಯ ದಿನ ಹೊರಡದೆ ಹೋದ ದನಿ ಈಗ ಸಲೀಸಾಗಿ, ಜೇನಿನ ಹಾಗೆ ಇಳಿಯಿತು.

“ನನ್ನ ಪಕ್ಕದ ಈ ಸೋದರಿಯನ್ನು ಪ್ರೀತಿಯಿಂದ ಬೆಳಕಿಗೆ ಇಡುತ್ತೇನೆ. ಇವರ ಊಟದ ಚೀಲದಲ್ಲಿ ಶಾಲೆಯವರ ನೀಲಿ ಬಟ್ಟೆ ಇದೆ.”

ಹೇಳಿ ಮುಗಿಸಿ, ಕಾಜಾಳ ಕಡೆ ತಿರುಗಿ, ಕೈಕಟ್ಟಿ, ನಗುಮುಖದಿಂದ ಕಾದಳು. ಕೇಳಿದರೆ ನಿಮಗೆ ನಂಬಿಕೆಯಾಗದು, ಅವಳು ಕಾಯುತ್ತಿದ್ದದ್ದು ‘ಉಪಕಾರವಾಯಿತು’ ಎಂಬ ಮಾತಿಗೆ.

ಕಾಜಾಳ ಮುಖದ ರಕ್ತ ಇಳಿದುಹೋಗಿತ್ತು. ಶಾಲೆಯವರು ಯಜಮಾನರ ಮುಖ ನೋಡಿದರು. ಯಜಮಾನರು ನೆಲ ನೋಡಿದರು. ಯಾರಿಗೂ ಇಷ್ಟವಿಲ್ಲದಿದ್ದರೂ ಚೀಲ ತರಿಸಬೇಕಾಯಿತು, ಬಿಚ್ಚಬೇಕಾಯಿತು, ಊಟದ ಡಬ್ಬಿಯ ಪಕ್ಕದಲ್ಲಿ ನೀಲಿ ಬಟ್ಟೆ ಮೇಜಿನ ಮೇಲೆ ಬೀಳಬೇಕಾಯಿತು. ಹೊರಗಿನವರ ಎದುರು ಯಜಮಾನರು ಇನ್ನೇನು ತಾನೇ ಮಾಡಿಯಾರು? “ನಾಳೆಯಿಂದ ಬರಬೇಡ” ಎಂದರು. ಕಾಜಾ ಖಾಲಿ ಚೀಲ ಎತ್ತಿಕೊಂಡಳು. ಬಿಳಿಯಕ್ಕನ ಎದುರು ಒಂದು ಗಳಿಗೆ ನಿಂತಳು. “ತುಂಬಾ ಚೆನ್ನಾಗಿ ಹೇಳಿದ್ರಿ” ಎಂದು ಹೊರಟುಹೋದಳು.

‘ಹೇಳಿದ್ರಿ.’ ಆ ಬಹುವಚನವೇ ಬಿಳಿಯಕ್ಕನಿಗೆ ಮೊದಲು ಚುಚ್ಚಿದ್ದು. ಅಷ್ಟು ದಿನ ಅಕ್ಕಾ, ನೀನು, ಬಾ, ಹೋಗು ಎಂದಿದ್ದವಳು. ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಹೊರಡುವಾಗ ಕಾಲರ್‌ನವಳು ದಾರಿ ಬಿಟ್ಟು ನಿಂತಳು, ಮೈಲಿಗೆಯಾದೀತೆಂಬಂತೆ.

ಮನೆಯಲ್ಲಿ ತಂಗಿ ಅಕ್ಕಿ ಆರಿಸುತ್ತಿದ್ದಳು. ಅಕ್ಕ ನಡೆದದ್ದನ್ನೆಲ್ಲ ಹೇಳಿ, “ಅವಳು ಯಾಕೆ ಉಪಕಾರ ಅನ್ನಲಿಲ್ಲ?” ಎಂದು ಕೇಳಿದಳು.

ತಂಗಿಯ ಬೆರಳು ಅಕ್ಕಿಯಲ್ಲೇ ನಿಂತಿತು. “ಅಕ್ಕಾ, ಅದಕ್ಕೆ ಹೊರಗಡೆ ಏನಂತಾರೆ ಗೊತ್ತಾ? ಚಾಡಿ ಅಂತಾರೆ.”

“ಛೇ. ಚಾಡಿ ಅಂದ್ರೆ ಹಿಂದುಗಡೆ ಹೇಳೋದು. ನಾನು ಎದುರಿಗೇ ಹೇಳಿದೆ.”

“ಎದುರಿಗೆ ಹೇಳಿದ್ರೆ ಇನ್ನೂ ದೊಡ್ಡ ಚಾಡಿ. ನಿನ್ನ ನಂಬಿ ತೋರಿಸಿದ್ಲು, ನೀನು ಮಾರಿಬಿಟ್ಟೆ. ಬರೀ ಒಂದು ಶಭಾಷ್‌ಗಿರಿಗೆ.”

“ನಾನು ಪ್ರೀತಿಯಿಂದಲೇ...”

“ನನ್ನನ್ನೂ ನೀನು ಪ್ರೀತಿಯಿಂದಲೇ ಬೆಳಕಿಗಿಟ್ಟಿದ್ದೆ” ಎಂದಳು ತಂಗಿ. ದನಿ ಏರಲಿಲ್ಲ. ಕೂಟದಲ್ಲಿ ಬೆಳೆದ ಗಂಟಲು, ಸಿಟ್ಟು ಬಂದಷ್ಟೂ ಸಣ್ಣಗಾಗುತ್ತದೆ. “ನಾನು ದಿಂಬಿನ ಒಳಗೆ ಅಂಗೈಯಗಲದ ಕನ್ನಡಿ ಇಟ್ಕೊಂಡಿದ್ದೆ. ತಲೆ ಬೋಳಿಸಿದ್ರು. ನೀನು ಎದುರಿಗೆ ನಗ್ತಾ ನಿಂತಿದ್ದೆ. ನಾನು ಉಪಕಾರವಾಯಿತು ಅಂದೆ, ನೆನಪಿದೆಯಾ? ಹಾಗಂದ ಬಾಯಲ್ಲಿ ನಾಲಿಗೆ ಕಚ್ಚಿ ರಕ್ತ ಬಂದಿತ್ತು. ಅದನ್ನೇ ನುಂಗಿದೆ.”

ನೆನಪಿಲ್ಲದೆ ಏನು? ಬಿಳಿಯಕ್ಕನಿಗೆ ಎಲ್ಲವೂ ನೆನಪಿತ್ತು. ತಂಗಿಯ ಬೋಳುತಲೆ ಎಷ್ಟು ಚಂದ ಹೊಳೆಯುತ್ತಿತ್ತೆಂದು ಇಷ್ಟು ವರ್ಷ ಸಂತೋಷದಿಂದಲೇ ನೆನೆಸಿಕೊಂಡಿದ್ದಳು. ಈಗ ಅದೇ ನೆನಪು ಒಳಗೊಳಗೇ ಹೊರಳಿ ಬೆನ್ನು ತೋರಿಸಿತು. ಹಾಗಾದರೆ ಇನ್ನು ಎಷ್ಟು ಜನ? ಪಾತ್ರೆ ತೊಳೆಯುವ ಹುಡುಗಿ, ತೀರಿಹೋದ ಸ್ವಂತ ಗಂಡ, ಗೋಡೆಗೆ ಸುಣ್ಣ ಹೊಡೆಯುತ್ತಿದ್ದ ಕುಂಟ, ಯಾರೆಲ್ಲ ಬಾಗಿ ‘ಉಪಕಾರ’ ಎಂದಿದ್ದರೋ ಅವರೆಲ್ಲ ಏನು ನುಂಗಿದ್ದರೋ. ಕೂತ ನೆಲ ಬಾಯಿ ಬಿಡಬಾರದೇ ಎನಿಸಿತು. ಅದು ಬಿಡಲಿಲ್ಲ. ನೆಲಕ್ಕೇನು, ಅದಕ್ಕೆ ಅದರದೇ ಕೆಲಸವಿದೆ.

“ಇದನ್ನೆಲ್ಲ ಇಟ್ಕೊಂಡು ನನ್ನನ್ನ ಯಾಕೆ ಒಳಗೆ ಕರೆದೆ?” ಎಂದಳು ಕೊನೆಗೆ.

“ಗೊತ್ತಿಲ್ಲ. ಬಾಗಿಲಲ್ಲಿ ನಿಂತಿದ್ದೆ, ಕರೆದೆ.” ತಂಗಿ ಮತ್ತೆ ಅಕ್ಕಿ ಆರಿಸತೊಡಗಿದಳು.

ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಸುಳ್ಳಲ್ಲ. ಬೆಳಗ್ಗೆ ಬಿಳಿಯಕ್ಕ ಹೊಲಿಗೆ ಮನೆಗೆ ಹೋದವಳೇ ತನಗೆ ಗೊತ್ತಿದ್ದ ಒಂದೇ ಮದ್ದಿಗೆ ಕೈಹಾಕಿದಳು. ಎಲ್ಲರೂ ಮಿಷನ್ನಿಗೆ ಕೂರುವ ಮುಂಚೆ ಮೇಜಿನ ಪಕ್ಕ ಮಂಡಿಯೂರಿ, ಕಣ್ಣು ಮುಚ್ಚಿ, “ನಾನು ನನ್ನನ್ನೇ ಬೆಳಕಿಗೆ ಇಡುತ್ತೇನೆ. ನಾನು ಚಾಡಿಕೋರಿ. ತಂಗಿಯ ತಲೆ ಬೋಳಿಸಿದವಳು...” ಎಂದು ರಾಗವಾಗಿ ಆರಂಭಿಸಿದಳು.

ಯಾರೋ ಕಿಸಕ್ಕೆಂದರು. ಯಾರೋ ‘ಅಯ್ಯೋ, ಇದೇನು ಹಿಡಿದಿದೆ ಇದಕ್ಕೆ’ ಎಂದರು. ಕಟಿಂಗ್ ಮಾಸ್ಟರ್ ಬಂದು ಬಗ್ಗಿ ನೋಡಿದರು. “ಏಳಮ್ಮಾ ತಾಯಿ, ಕತ್ತರಿಸಿಟ್ಟ ಅಂಗಿ ತೋಳಿನ ಮೇಲೆ ಮಂಡಿ ಊರಿದ್ದೀಯ. ಸುಕ್ಕಾಗ್ತದೆ.”

ಅವಳು ಎದ್ದಳು. ಮೊಣಕಾಲಿಗೆ ಅಂಟಿದ್ದ ನೂಲನ್ನು ಬಿಡಿಸಿಕೊಂಡಳು. ಕಿವಿಗಳು ಇಸ್ತ್ರಿ ಪೆಟ್ಟಿಗೆಯಂತೆ ಕಾದಿದ್ದವು. ಕೂಟದಲ್ಲಿ ಹೀಗೆ ಮಂಡಿಯೂರಿ ಎದ್ದರೆ ಮೈ ಹಗುರಾಗುತ್ತಿತ್ತು. ಇಲ್ಲಿ ಯಾರ ಶಿಕ್ಷೆಯೂ ಇಲ್ಲ, ಯಾರ ಕ್ಷಮೆಯೂ ಇಲ್ಲ. ಎಲ್ಲರೂ ತಮ್ಮ ತಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಾರೆ, ತನ್ನ ತಪ್ಪು ತನ್ನ ಮಡಿಲಲ್ಲೇ ಕೂತಿದೆ.

ಮೂರ್ನಾಲ್ಕು ದಿನ ಕಾಜಾಳ ಮಿಷನ್ನಿಗೆ ಯಾರ್ಯಾರನ್ನೋ ಕೂರಿಸಿ ನೋಡಿದರು. ತೂತುಗಳು ಒಂದು ಮೇಲೆ, ಒಂದು ಕೆಳಗೆ ಬಿದ್ದವು. ಅಂಗಿಗಳು ರಾಶಿಬಿದ್ದು ಬಿಳಿಯಕ್ಕ ಕೈಕಟ್ಟಿ ಕೂರಬೇಕಾಯಿತು. ಕೂತು ಕೂತು, ಇನ್ನು ಕೂರಲಾರೆನೆನಿಸಿ, ಯಜಮಾನರ ಕೋಣೆಯ ಬಾಗಿಲಲ್ಲಿ ಹೋಗಿ ನಿಂತಳು. ಈ ಸಲ ರಾಗ ಎಳೆಯಲಿಲ್ಲ.

“ಅವಳನ್ನ ವಾಪಸ್ ಕರೀರಿ. ಬೇಕಾದ್ರೆ ನನ್ನನ್ನ ತೆಗೀರಿ.”

“ನಿನ್ನ ತೆಗೆದು ಏನು ಮಾಡ್ಲಿ? ಗುಂಡಿ ಯಾರ್ ಬೇಕಾದ್ರೂ ಹೊಲೀತಾರೆ, ಕಾಜಾ ಯಾರು ಹಾಕ್ತಾರೆ?” ಯಜಮಾನರು ತಲೆ ಕೆರೆದುಕೊಂಡರು. “ಬಟ್ಟೆ ವಾಪಸ್ ಸಿಕ್ತು, ಶಾಲೆಯವರು ಮರೆತೂ ಆಯ್ತು. ಆದ್ರೆ ಎಲ್ಲರ ಮುಂದೆ ಹೋಗು ಅಂದವನು ನಾನಾಗಿ ಬಾ ಅನ್ನೋಕಾಗುತ್ತಾ? ನನಗೂ ಒಂದು ಮುಖ ಇದೆಯಲ್ಲಮ್ಮ. ಅವಳಾಗಿ ಬಂದು ಕೂತ್ರೆ ನಾನು ನೋಡಿಯೂ ನೋಡಲ್ಲ.”

ಹಾಗಾದರೆ ಯಾರಾದರೂ ಹೋಗಿ ಹೇಳಬೇಕು. ಬಿಳಿಯಕ್ಕ ಕಾಲರ್‌ನವಳ ಕಡೆ ನೋಡಿದಳು.

“ನನ್ನ ಯಾಕೆ ನೋಡ್ತೀಯ? ಚೆಲ್ಲಿದೋರೇ ಬಾಚ್ಕೋಬೇಕು” ಎಂದಳು ಅವಳು. ಆದರೂ ಮನೆ ಎಲ್ಲಿದೆಯೆಂದು ಹೇಳಿದಳು.

ಕಾಜಾಳದು ಇಕ್ಕಟ್ಟಾದ ಬೀದಿ, ಸಾಲು ಕೋಣೆಗಳ ವಠಾರ. ನಡುವೆ ಎಲ್ಲರಿಗೂ ಒಂದೇ ನಲ್ಲಿ. ಕಾಜಾ ಅಲ್ಲೇ ಕುಕ್ಕರಗಾಲಲ್ಲಿ ಕೂತು ಬಟ್ಟೆ ಹಿಂಡುತ್ತಿದ್ದಳು. ಬಿಳಿಯಕ್ಕನನ್ನು ಕಂಡು ಹಿಂಡುವುದನ್ನು ನಿಲ್ಲಿಸಲಿಲ್ಲ.

“ಏನು ಇಷ್ಟು ದೂರ ಬಂದ್ರಿ? ಇಲ್ಲಿ ಇನ್ನೂ ಏನಾದ್ರೂ ಇದೆಯಾ ಅಂತ ನೋಡೋಕಾ? ಹೋಗಿ, ಒಳಗೆ ಹೋಗಿ. ಡಬ್ಬ, ಪೆಟ್ಟಿಗೆ ಎಲ್ಲ ಬಿಚ್ಚಿ ನೋಡಿ.”

“ಇಲ್ಲ. ಯಜಮಾನರು...”

“ಯಜಮಾನರು ಕಳಿಸಿದ್ರಾ?”

“ಅವರು ಕಳಿಸಿಲ್ಲ. ನೀನಾಗಿ ಬಂದ್ರೆ ಏನೂ ಅನ್ನಲ್ಲ ಅಂದ್ರು. ನಾನು... ನಾನು ಅದು ತಪ್ಪು ಅಂತ...”

“ತಪ್ಪು ಅಂತ ಗೊತ್ತಿರ್ಲಿಲ್ವಾ?” ಕಾಜಾ ಎದ್ದು ನಿಂತಳು. ಕೈಯಲ್ಲಿದ್ದ ಒದ್ದೆ ಬಟ್ಟೆ ನೀರು ಸುರಿಸುತ್ತಲೇ ಇತ್ತು. ದನಿ ವಠಾರದ ಸೂರಿಗೆ ಬಡಿಯಿತು. “ಗೊತ್ತಿರ್ಲಿಲ್ವಾ ನಿಂಗೆ? ಮಗು ಆಡಿದ ಹಾಗೆ ಆಡ್ಬೇಡ! ಮನುಷ್ಯಳೇನೇ ನೀನು? ನನ್ನ ಮಗಳು ಕೇಳಿದ್ಲು, ‘ಅಮ್ಮಾ, ನೀನು ಕದ್ಯಾ’ ಅಂತ. ಯಾರೋ ಶಾಲೇಲಿ ಅಂದಿದ್ದಾರೆ. ಏನು ಹೇಳ್ಲಿ ಹೇಳು? ಕದ್ದಿಲ್ಲ ಅಂದ್ರೆ ಸುಳ್ಳು, ಕದ್ದೆ ಅಂದ್ರೆ ಅದರ ಮುಖ ನೋಡೋಕಾಗಲ್ಲ. ಅಷ್ಟು ಜನದ ಮುಂದೆ ನನ್ನ ಅನ್ನದ ಡಬ್ಬಿ ಮೇಜಿನ ಮೇಲೆ ಇಡಿಸಿದ್ಯಲ್ಲೇ! ಮೇಲಿಂದ ನಗ್ತಾ ನಿಂತಿದ್ದೆ, ಮದುವೆ ಮನೇಲಿ ನಿಂತ ಹಾಗೆ! ಆ ನಗು ಇದೆಯಲ್ಲ, ಅದು ನನಗೆ ಊಟಕ್ಕೆ ಕೂತಾಗೆಲ್ಲ ಕಾಣುತ್ತೆ.”

ಬಾಗಿಲುಗಳಲ್ಲಿ ತಲೆಗಳು ಮೂಡಿದವು. ಬಿಳಿಯಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಜೀವನದಲ್ಲಿ ಯಾರೂ ಅವಳ ಮೇಲೆ ಕೂಗಾಡಿರಲಿಲ್ಲ. ಕೂಟದಲ್ಲಿ ಉಪವಾಸ ಕೆಡವಿದ್ದರು, ಮಾತು ಬಿಟ್ಟಿದ್ದರು, ಎಲ್ಲವೂ ಮೆಲುದನಿಯಲ್ಲಿ, ‘ತಾವು’ ಎಂದು. ಬೈಗುಳ ಹೀಗೆ ಮುಖಕ್ಕೆ ಬಂದು ಬಡಿಯುತ್ತದೆಂದು ಗೊತ್ತಿರಲಿಲ್ಲ. ಅಷ್ಟರ ನಡುವೆಯೂ ಒಂದು ಕಿವಿ ಕೇಳಿಸಿಕೊಂಡಿತ್ತು, ಕಾಜಾ ಮತ್ತೆ ‘ನೀನು’ ಎನ್ನುತ್ತಿದ್ದಾಳೆ. ಆ ಸಂತೋಷಕ್ಕೂ ನಾಚಿಕೆಯಾಯಿತು. ಒಬ್ಬಳು ಉರಿಯುತ್ತಿರುವಾಗ ಇನ್ನೊಬ್ಬಳು ಚಳಿ ಕಾಯಿಸಿಕೊಂಡ ಹಾಗೆ.

ಬಿಳಿಯಕ್ಕ ಅಭ್ಯಾಸಬಲದಿಂದ “ಉಪಕಾ...” ಎಂದು ಹೊರಟ ಮಾತನ್ನು ಹಲ್ಲಿನಿಂದ ಹಿಡಿದಳು.

“ಏನಂದೆ?”

“ಏನಿಲ್ಲ.”

“ಕಾಲಿಗೆ ಗೀಲಿಗೆ ಬೀಳ್ಬೇಡ ಮತ್ತೆ. ಮೊನ್ನೆ ಮೇಜಿನ ಹತ್ರ ಏನೋ ನಾಟಕ ಆಡಿದ್ಯಂತೆ, ಸುದ್ದಿ ಬಂತು.”

“ಬೀಳಲ್ಲ.”

“ಮತ್ತೆ ಏನ್ ಮಾಡ್ತೀಯ?”

ಬಿಳಿಯಕ್ಕ ಯೋಚಿಸಿದಳು. “ಗೊತ್ತಿಲ್ಲ” ಎಂದಳು. “ನಂಗೆ ನಾಚಿಕೆ ಆಗ್ತಿದೆ. ಎಲ್ಲಿ ಇಟ್ಕೋಬೇಕೋ ಗೊತ್ತಾಗ್ತಿಲ್ಲ.”

ಕಾಜಾ ಕೈಯಲ್ಲಿದ್ದ ಬಟ್ಟೆಯನ್ನು ಜೋರಾಗಿ ಕೊಡವಿದಳು, ನೀರು ಬಿಳಿಯಕ್ಕನ ಮುಖಕ್ಕೆ ಹಾರಿತು. ಬೇಕೆಂದೇ ಕೊಡವಿದಳೋ ಹೇಗೋ.

“ಇಟ್ಕೋ ಎಲ್ಲಾದ್ರೂ. ನನ್ನ ತಲೆ ಮೇಲೆ ತಂದು ಇಳಿಸ್ಬೇಡ” ಎಂದಳು. “ಕೆಲಸಕ್ಕೆ ಬರ್ತೀನಿ. ನೀನು ಹೇಳಿದ್ದಕ್ಕಲ್ಲ. ಹೊಟ್ಟೆಪಾಡು. ಆದ್ರೆ ನಿನ್ನ ಪಕ್ಕ ಕೂರಲ್ಲ.”

“ಆಯ್ತು.”

“ಮಾತೂ ಆಡಲ್ಲ.”

“ಆಯ್ತು.”

“ಎಲ್ಲದಕ್ಕೂ ಆಯ್ತು ಆಯ್ತು ಅನ್ಬೇಡ, ಮೈಯೆಲ್ಲ ಉರಿಯುತ್ತೆ. ನಡಿ ಈಗ!”

ಬಿಳಿಯಕ್ಕ ನಡೆದಳು. ಒದ್ದೆ ಮುಖ ಒರೆಸಿಕೊಳ್ಳಲಿಲ್ಲ. ಬೀದಿ ತುಂಬ ಜನ ತಮ್ಮ ಪಾಡಿಗೆ ಹೋಗುತ್ತಿದ್ದರು. ಕೂಟದ ನಾಚಿಕೆ ಬೇರೆ. ಅದು ಹಿರಿಯರ ಕಣ್ಣಿಗೆ ಅಂಜಿ ಹುಟ್ಟುವುದು, ಅವರು ಕಣ್ಣು ತಿರುಗಿಸಿದರೆ ಆರಿಹೋಗುವುದು. ಇದು ಆರುವ ಜಾತಿಯದಲ್ಲ. ತಂಗಿಯ ಬೋಳುತಲೆಯನ್ನೂ ಕಾಜಾಳ ಅನ್ನದ ಡಬ್ಬಿಯನ್ನೂ ಹೊತ್ತುಕೊಂಡು ಜೊತೆಯಲ್ಲೇ ನಡೆದುಬರುತ್ತಿದೆ. ಬರಲಿ. ಕೂಲಿ ಕೊಟ್ಟು ಇನ್ನೊಬ್ಬರ ತಲೆಗೆ ಹೊರಿಸುವ ಮೂಟೆ ಅಲ್ಲ ಅದು.

ಬೆಳಗ್ಗೆ ಕಾಜಾ ಬಂದಳು. ಯಜಮಾನರು ಆ ಹೊತ್ತಿಗೆ ಸರಿಯಾಗಿ ಗೋಡೆಯ ಕಡೆ ತಿರುಗಿ ಏನೋ ಹುಡುಕುತ್ತಿದ್ದರು. ಮಿಷನ್ನನ್ನು ಆಚೆ ಗೋಡೆಗೆ ಎಳೆಸಿಕೊಂಡು, ಬೆನ್ನು ಹಾಕಿ ಕೂತಳು. ಅಂಗಿಗಳು ಈಗ ಕಾಲರ್‌ನವಳ ಕೈದಾಟಿ ಬಿಳಿಯಕ್ಕನಿಗೆ ಬರತೊಡಗಿದವು. ತೂತುಗಳು ನೆಟ್ಟಗೆ, ಒಂದರ ಕೆಳಗೊಂದು ಇದ್ದವು. ಅವಳು ಒಂದೊಂದಕ್ಕೂ ಎದುರಾಗಿ ಗುಂಡಿ ಹೊಲಿದಳು.

ಊಟದ ಹೊತ್ತಿಗೆ ಹೆಂಗಸರೆಲ್ಲ ವೃತ್ತವಾಗಿ ಕೂತರು. ಬಿಳಿಯಕ್ಕ ಡಬ್ಬಿ ಹಿಡಿದು ಎಲ್ಲಿ ಕೂರುವುದೆಂದು ತಿಳಿಯದೆ, ವೃತ್ತಕ್ಕೆ ತುಸು ಹೊರಗೆ ಕೂತಳು. ಕಾಜಾ ತಿರುಗಿ ನೋಡಲಿಲ್ಲ. ಕೈಯಲ್ಲಿ ತುತ್ತು ಹಿಡಿದುಕೊಂಡೇ ಗಟ್ಟಿಯಾಗಿ ಹೇಳಿದಳು:

“ಮೆಲ್ಲಗೆ ಮಾತಾಡ್ರೇ. ಗೋಡೆಗೆ ಕಿವಿ ಇರುತ್ತೆ ಅಂತಿದ್ರು ದೊಡ್ಡೋರು. ಇಲ್ಲಿ ಗೋಡೆಗೆ ಬಾಯಿ ಬೇರೆ ಇದೆ.”

ಎಲ್ಲರೂ ಗೊಳ್ಳೆಂದು ನಕ್ಕರು. ಬಿಳಿಯಕ್ಕನ ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಬಿಸಿಯಾದವು. ಎದ್ದು ಹೋಗಿ ಮೂಲೆಯಲ್ಲಿ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಎದ್ದು ಹೋಗಲಿಲ್ಲ. ತಲೆ ತಗ್ಗಿಸಿ ಒಂದು ತುತ್ತು ಬಾಯಿಗಿಟ್ಟು, ಅದು ಗಂಟಲಲ್ಲಿ ಇಳಿಯುವವರೆಗೂ ಅಗಿಯುತ್ತ ಕೂತಳು.